ಮಾತ್ರೆ ಕೊಡುವ ಸಿಸ್ಟರ್, ಮಾತ್ರೆ ಕಲಿಸುವ ಸಿಸ್ಟರ್

ಆಸ್ಪತ್ರೆಗೆ ಸೇರಿದ ದಿನ ರೋಗಿಯ ಕೈಯಿಂದ ಮೊದಲು ಹೋಗುವುದು ಮಾತ್ರೆ ಚೀಲ. ಮನೆಯಿಂದ ತಂದ ಹಳೆಯ ಗುಳಿಗೆಗಳನ್ನೆಲ್ಲ ಸಿಸ್ಟರ್ ಮಂಚದ ಮೇಲೆ ಸುರಿಸಿಕೊಂಡು ನೋಡುತ್ತಾರೆ, ಕೇಸ್ ಶೀಟಿನಲ್ಲಿ ಬರೆದುಕೊಳ್ಳುತ್ತಾರೆ. ‘ಇವನ್ನ ನೀವಾಗೇ ತಗೋಬ್ಯಾಡ್ರಿ, ಇನ್ಮೇಲೆ ನಾವೇ ಕೊಡ್ತೀವಿ’ ಎನ್ನುತ್ತಾರೆ. ಅಲ್ಲಿಂದ ನಾಲ್ಕೈದು ದಿನ ರೋಗಿಗೆ ಔಷಧದ ಚಿಂತೆಯೇ ಇಲ್ಲ. ಹೊತ್ತಿಗೆ ಸರಿಯಾಗಿ ಟ್ರೇ ಬರುತ್ತದೆ, ಅಂಗೈ ಚಾಚಿದರಾಯಿತು.

ಡಿಸ್ಚಾರ್ಜ್ ದಿನ ಎಲ್ಲ ತಿರುಗುಮುರುಗು. ಬಿಲ್ಲಿನ ಕೌಂಟರಿನಲ್ಲಿ ಮಗ, ಜಗಳೂರಿನ ಬಸ್ಸು ತಪ್ಪಿದರೆ ಹೇಗೆ ಎಂಬ ಗಡಿಬಿಡಿಯಲ್ಲಿ ಹೆಂಡತಿ, ಮಂಚ ಖಾಲಿಯಾಗುವುದನ್ನೇ ಕಾಯುತ್ತಿರುವ ಇನ್ನೊಂದು ಮನೆಯವರು. ಈ ಗದ್ದಲದ ನಡುವೆ ಏಳೆಂಟು ಬಗೆಯ ಮಾತ್ರೆ ತುಂಬಿದ ಕ್ಯಾರಿ ಬ್ಯಾಗ್ ರೋಗಿಯ ಕೈಗೆ ಬರುತ್ತದೆ. ಐದು ದಿನ ನರ್ಸುಗಳು, ವೈದ್ಯರು, ಫಾರ್ಮಸಿಯವರು ಸೇರಿ ನೋಡಿಕೊಂಡ ಕೆಲಸವನ್ನು ಐದು ನಿಮಿಷದ ವಿವರಣೆಯ ಬಲದ ಮೇಲೆ ಒಬ್ಬರೇ ಮಾಡಬೇಕು. ಡಿಸ್ಚಾರ್ಜ್ ಹೊತ್ತಿನ ಆ ವಿವರಣೆ ಹೆಚ್ಚುಕಡಿಮೆ ವ್ಯರ್ಥ ಎಂಬುದು ನನ್ನ ಅಭಿಪ್ರಾಯ. ಆ ಗಳಿಗೆಯಲ್ಲಿ ಯಾರ ಕಿವಿಯೂ ಅಲ್ಲಿರುವುದಿಲ್ಲ. ಮಾತ್ರೆಯ ಜವಾಬ್ದಾರಿ ರೋಗಿಗೆ ವಾಪಸ್ ಹೋಗಬೇಕಾದದ್ದು ಜ್ವರ ಇಳಿದು ಎದ್ದು ಕೂತ ದಿನದಿಂದ, ದಿನಕ್ಕೆ ಇಷ್ಟಿಷ್ಟಾಗಿ. ಅದನ್ನು ಮಾಡಬಲ್ಲವರು ದಿನವಿಡೀ ವಾರ್ಡಿನಲ್ಲೇ ಇರುವ ನರ್ಸುಗಳು.

ಟ್ರೇ ಹಿಡಿದು ಬರುವ ಸಿಸ್ಟರ್ ಮಾತ್ರೆ ಕೊಡುವ ಮುನ್ನ ಐದು ಸಂಗತಿಗಳನ್ನು ತಾಳೆ ನೋಡುತ್ತಾರೆ: ಇದೇ ರೋಗಿಯಾ, ಇದೇ ಔಷಧವಾ, ಪ್ರಮಾಣ ಇಷ್ಟೇನಾ, ಕೊಡುವ ದಾರಿ (ಬಾಯಿಗಾ, ಸೂಜಿಯಲ್ಲಾ) ಸರಿಯಾ, ಹೊತ್ತು ಸರಿಯಾ. ನರ್ಸಿಂಗ್ ಕಾಲೇಜುಗಳಲ್ಲಿ ಬಾಯಿಪಾಠ ಮಾಡಿಸುವ ಪಾಠವಿದು. ‘ನಿಮ್ಮ ಹೆಸರೇನ್ರಿ ಯಜಮಾನ್ರೆ?’ ಎಂದು ಮೂರು ದಿನದಿಂದ ಪರಿಚಯವಿರುವ ಸಿಸ್ಟರೇ ಮತ್ತೆ ಕೇಳಿದಾಗ ಅಜ್ಜನಿಗೆ ಸಿಟ್ಟು ಬರುತ್ತದೆ. ಅದು ಮರೆವಲ್ಲ, ತಾಳೆ ನೋಡುವ ಕ್ರಮ. ಮನೆಗೆ ಹೋದ ಮೇಲೆ ಈ ಐದನ್ನೂ ನೋಡಬೇಕಾದವರು ಅಜ್ಜ, ಇಲ್ಲವೇ ಅಜ್ಜನ ಮನೆಯವರು. ಹಾಗಾಗಿ ಸಿಸ್ಟರ್ ಕಲಿಸಬೇಕಾದದ್ದು ಮಾತ್ರೆಯ ಹೆಸರನ್ನಷ್ಟೇ ಅಲ್ಲ, ಈ ಅಭ್ಯಾಸವನ್ನು.

ಬ್ರಿಟನ್ನಿನ ಅನೇಕ ಆಸ್ಪತ್ರೆಗಳಲ್ಲಿ ಇದಕ್ಕೊಂದು ಲಿಖಿತ ಪದ್ಧತಿಯೇ ಇದೆ. ರೋಗಿಯ ಮಂಚದ ಪಕ್ಕ ಬೀಗವಿರುವ ಪುಟ್ಟ ಕಪಾಟು, ಅದರಲ್ಲಿ ಅವರದ್ದೇ ಔಷಧ. ಸಾಮಾನ್ಯವಾಗಿ ಮೂರು ಹಂತ. ಮೊದಲ ಹಂತದಲ್ಲಿ ಕೀಲಿಯೂ ನರ್ಸಿನ ಬಳಿ, ಕೊಡುವವರೂ ನರ್ಸೇ. ಎರಡನೆಯದರಲ್ಲಿ ಕೀಲಿ ನರ್ಸಿನ ಬಳಿ, ಆದರೆ ಹೊತ್ತಾದಾಗ ರೋಗಿಯೇ ಕೇಳಿ, ತಾನೇ ಆರಿಸಿ ತೆಗೆದುಕೊಳ್ಳುತ್ತಾರೆ, ನರ್ಸ್ ನೋಡುತ್ತಾ ನಿಲ್ಲುತ್ತಾರೆ. ಮೂರನೆಯದರಲ್ಲಿ ಕೀಲಿಯೂ ರೋಗಿಯದ್ದೇ. ಯಾರು ಯಾವ ಹಂತಕ್ಕೆ ತಕ್ಕವರು ಎಂಬುದನ್ನು ಅವರ ನೆನಪು, ದೃಷ್ಟಿ, ಕೈಯ ಬಲ ನೋಡಿ ತೀರ್ಮಾನಿಸುತ್ತಾರೆ. ಆರೋಗ್ಯ ಹದಗೆಟ್ಟರೆ, ಮಂಪರು ಕವಿದರೆ ಮತ್ತೆ ಒಂದನೇ ಹಂತ.

ನಮ್ಮ ಸಾಮಾನ್ಯ ವಾರ್ಡುಗಳಲ್ಲಿ ಬೀಗದ ಕಪಾಟು ದೂರದ ಮಾತು. ಇಲ್ಲಿ ಮಂಚದ ಪಕ್ಕದ ಡಬ್ಬದಂಥ ಲಾಕರಿನ ಮೇಲೆ ಮಾತ್ರೆ, ಬನ್ನು, ಎಳನೀರು, ದೇವರ ಬಂಡಾರ ಎಲ್ಲ ಒಟ್ಟಿಗೇ ಇರುತ್ತವೆ. ಆದರೆ ಎರಡನೇ ಹಂತಕ್ಕೆ ಬೀಗ ಬೇಕಿಲ್ಲ, ಎರಡು ನಿಮಿಷದ ತಾಳ್ಮೆ ಸಾಕು. ಮಾತ್ರೆ ಬಿಡಿಸಿ ಕೈಗಿಡುವ ಬದಲು ನಾಲ್ಕು ಸ್ಟ್ರಿಪ್ ಮುಂದಿಟ್ಟು ‘ರಾತ್ರೀದು ಯಾವ್ದು, ತೆಗೀರಿ ನೋಡಣ’ ಎಂದರೆ ಆಯಿತು.

ಯಾರಿಗೆ ಕಲಿಸಬೇಕು?

ಈ ಪ್ರಶ್ನೆಗೆ ಉತ್ತರ ಎದುರಿಗೆ ಕಾಣುವಷ್ಟು ಸರಳವಲ್ಲ. ವಾರ್ಡಿನಲ್ಲಿ ರೋಗಿಯ ಜೊತೆ ನಿಲ್ಲುವವರು ಸಾಮಾನ್ಯವಾಗಿ ದುಡ್ಡು ಕಟ್ಟಬಲ್ಲ, ವೈದ್ಯರ ಜೊತೆ ಮಾತಾಡಬಲ್ಲ ಗಂಡಸು. ಮಗ, ಅಳಿಯ, ಇಲ್ಲವೇ ಊರಿನ ತಿಳಿದವರೊಬ್ಬರು. ಡಿಸ್ಚಾರ್ಜ್ ಚೀಟಿ ಅವರ ಕೈಗೇ ಹೋಗುತ್ತದೆ, ವಿವರಣೆಯೂ ಅವರಿಗೇ. ಅವರು ‘ಹೂಂ ಹೂಂ’ ಎನ್ನುತ್ತಾರೆ. ಮರುದಿನ ಬೆಳಿಗ್ಗೆ ಅವರು ಬೆಂಗಳೂರಿನ ಕೆಲಸಕ್ಕೆ. ಮನೆಯಲ್ಲಿ ಮಾತ್ರೆ ಕೊಡುವವಳು ಸೊಸೆ, ಅಥವಾ ಏಳನೇ ಕ್ಲಾಸಿನಲ್ಲಿ ಓದುವ ಮೊಮ್ಮಗಳು. ಅವರು ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತಿರುವುದಿಲ್ಲ.

ಅನುಭವಿ ಸಿಸ್ಟರ್ ಇದನ್ನು ಮೊದಲೇ ಕೇಳಿಕೊಳ್ಳುತ್ತಾರೆ: ‘ಮನ್ಯಾಗ ನಿಮಗ ಗುಳಿಗಿ ಕೊಡೋರ್ ಯಾರ್ರೀ?’ ಉತ್ತರ ‘ಸೊಸಿ’ ಎಂದು ಬಂದರೆ, ಡಿಸ್ಚಾರ್ಜಿಗೆ ಮುಂಚಿನ ದಿನ ಸೊಸೆಯನ್ನೇ ಕರೆಸಿ ಎನ್ನುತ್ತಾರೆ. ಅದಾಗದಿದ್ದರೆ ವಾರ್ಡಿನಿಂದಲೇ ಫೋನು ಹಚ್ಚಿಸಿ ಮಾತಾಡುತ್ತಾರೆ. ಯಾವ ಫಾರ್ಮಿನಲ್ಲೂ ಇಲ್ಲದ ಕಾಲಂ ಇದು. ಆದರೂ ಮುಂದಿನ ತಿಂಗಳು ಆ ರೋಗಿ ಮತ್ತೆ ಅದೇ ವಾರ್ಡಿಗೆ ಬರುತ್ತಾರೋ ಇಲ್ಲವೋ ಎಂಬುದರಲ್ಲಿ ಇದರ ಪಾಲು ದೊಡ್ಡದು.

ಭಾಷೆಯದ್ದು ಇನ್ನೊಂದು ಕಥೆ. ಚನ್ನಗಿರಿ, ಹೊನ್ನಾಳಿ ಕಡೆಯ ತಾಂಡಾಗಳಿಂದ ಲಂಬಾಣಿ ಮಾತಾಡುವವರು ಬರುತ್ತಾರೆ, ಮೊಳಕಾಲ್ಮುರು, ಚಳ್ಳಕೆರೆ ಗಡಿಯಿಂದ ತೆಲುಗಿನವರು, ದಾವಣಗೆರೆಯ ಹಳೇ ಪೇಟೆಯಿಂದ ಉರ್ದುವಿನವರು. ಸಿಸ್ಟರ್ ಒಮ್ಮೊಮ್ಮೆ ಕೇರಳದವರು. ಪಕ್ಕದ ಮಂಚದವರ ಕಡೆಯವರೋ, ವಾರ್ಡಿನ ಆಯಾನೋ ನಡುವೆ ನಿಂತು ಹೇಳಿಕೊಡುವುದು ದಿನದ ಮಾತು. ಹಾಗೆ ಬಾಯಿಂದ ಬಾಯಿಗೆ ಹೋದ ಮಾತಿನಲ್ಲಿ ಮೊದಲು ಕಳೆದುಹೋಗುವುದು ಸಂಖ್ಯೆ. ಅದಕ್ಕೇ ಸ್ಟ್ರಿಪ್ಪಿನ ಕವರಿನ ಮೇಲೆ ಸೂರ್ಯ, ನೆತ್ತಿಯ ಮೇಲಿನ ಸೂರ್ಯ, ಚಂದ್ರ ಬರೆದು, ಪಕ್ಕದಲ್ಲಿ ಮಾತ್ರೆಯಷ್ಟೇ ದುಂಡಗಿನ ಚುಕ್ಕೆ ಇಡುವುದು ಒಳ್ಳೆಯದು. ಅರ್ಧ ಮಾತ್ರೆಗೆ ಅರ್ಧ ಚುಕ್ಕೆ.

ಓದು ಬಂದವರಿಗೂ ಚೀಟಿ ಸುಲಭವಲ್ಲ. 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂಬುದು ಈಗ ಬಹುತೇಕರಿಗೆ ಗೊತ್ತು. ಆದರೆ ‘ಎಸ್‌ಓಎಸ್’ ಎಂದು ಬರೆದ ನೋವಿನ ಮಾತ್ರೆ ಬೇಕಾದಾಗ ಮಾತ್ರ ತೆಗೆದುಕೊಳ್ಳುವಂಥದ್ದು, ದಿನಾ ಅಲ್ಲ ಎಂಬುದು ಗೊತ್ತಿರುವುದಿಲ್ಲ. ‘ಊಟಕ್ಕೆ ಮುಂಚೆ’ ಎಂಬ ಸೂಚನೆಯಂತೂ ಇನ್ನೂ ಜಾರುವಂಥದ್ದು. ಹೊಲಕ್ಕೆ ಹೋಗುವವರು ಬೆಳಿಗ್ಗೆ ಆರಕ್ಕೆ ಒಂದು ಲೋಟ ಚಹಾ ಕುಡಿದು ಹೊರಟು, ರೊಟ್ಟಿ ಬಿಚ್ಚುವುದು ಹತ್ತೂವರೆಗೆ. ಗ್ಲಿಮೆಪಿರೈಡಿನಂಥ ಸಕ್ಕರೆ ಮಾತ್ರೆಯನ್ನು ‘ಬೆಳಿಗ್ಗೆ’ ಎಂದು ಆರಕ್ಕೇ ನುಂಗಿದರೆ, ಕಳೆ ಕೀಳುವ ಹೊತ್ತಿಗೆ ರಕ್ತದ ಸಕ್ಕರೆ ಕುಸಿದು ತಲೆ ಸುತ್ತಿ ಬೀಳಬಹುದು. ಎಪಿಎಂಸಿಯಲ್ಲಿ ರಾತ್ರಿಯಿಡೀ ಮೂಟೆ ಹೊರುವ ಹಮಾಲರಿಗೆ ಬೆಳಗು ಯಾವುದು, ರಾತ್ರಿ ಯಾವುದು? ‘ನೀವು ಮೊದಲ್ನೇ ತುತ್ತು ಉಣ್ಣೋದು ಎಷ್ಟೊತ್ತಿಗೆ?’ ಎಂದು ಕೇಳಿ, ಆ ಹೊತ್ತಿಗೆ ಮಾತ್ರೆಯನ್ನು ಕಟ್ಟಿಹಾಕುವುದು ನರ್ಸಿನ ಜಾಣ್ಮೆ. ಹೊತ್ತು ಹೊಂದುವುದೇ ಇಲ್ಲ ಎಂದಾದರೆ ಅವರೇ ವೈದ್ಯರಿಗೆ ತಿಳಿಸುತ್ತಾರೆ.

ಹೆಸರಿನ ಗೊಂದಲ ಇದಕ್ಕಿಂತ ಅಪಾಯದ್ದು. ಒಂದೇ ಔಷಧ ಹತ್ತಾರು ಕಂಪನಿಗಳ ಹತ್ತಾರು ಹೆಸರಿನಲ್ಲಿ ಬರುತ್ತದೆ. ಮನೆಯಲ್ಲಿ ಹಿಂದಿನ ವೈದ್ಯರು ಬರೆದ ಬಿಪಿ ಮಾತ್ರೆ ಒಂದು ಬ್ರಾಂಡು, ಆಸ್ಪತ್ರೆಯಲ್ಲಿ ಕೊಟ್ಟದ್ದು ಇನ್ನೊಂದು, ಜನೌಷಧಿ ಕೇಂದ್ರದಲ್ಲಿ ತಂದದ್ದು ಬ್ರಾಂಡ್ ಹೆಸರೇ ಇಲ್ಲದ ಮೂರನೆಯದು. ಮೂರರೊಳಗೂ ಇರುವುದು ಅದೇ ಅಮ್ಲೋಡಿಪಿನ್. ಮೂರನ್ನೂ ನುಂಗಿದರೆ ಕಾಲು ಊದುತ್ತದೆ, ಎದ್ದು ನಿಂತರೆ ಕಣ್ಣು ಕತ್ತಲಿಡುತ್ತದೆ. ಬ್ರಾಂಡಿನ ಸ್ಟ್ರಿಪ್ಪಿನ ಮೇಲೆ ಎರಡು ಹೆಸರಿರುತ್ತವೆ, ಒಂದು ಕಂಪನಿ ಇಟ್ಟದ್ದು, ಇನ್ನೊಂದು ಔಷಧದ್ದು. ಆ ಔಷಧದ ಹೆಸರಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು ತೋರಿಸುವ ಸಿಸ್ಟರುಗಳಿದ್ದಾರೆ. ಮೆಡಿಕಲ್ ಶಾಪಿನವರು ನಾಲ್ಕೇ ಮಾತ್ರೆ ಕತ್ತರಿಸಿ ಕೊಟ್ಟರೆ ಆ ಹೆಸರೂ ಹೋಗುತ್ತದೆ, ಅವಧಿ ಮುಗಿಯುವ ತಾರೀಖೂ ಹೋಗುತ್ತದೆ. ಪೂರ್ತಿ ಸ್ಟ್ರಿಪ್ ಕೇಳಿ, ಇಲ್ಲದಿದ್ದರೆ ಹೆಸರಿರುವ ತುದಿಯನ್ನು ಕೊನೆಗೆ ಬಿಡಿಸಿ ಎಂದು ಹೇಳುವುದೂ ಪಾಠದ ಭಾಗವೇ.

ಇನ್ಸುಲಿನ್: ಅರ್ಧ ಗಂಟೆಯ ಪಾಠ ಸಾಲದು

ಮಾತ್ರೆ ನುಂಗಲು ಕಲಿಯಬೇಕಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳಲು ಕಲಿಯಲೇಬೇಕು. ಆಸ್ಪತ್ರೆಯಲ್ಲಿ ಮೊದಲ ಬಾರಿ ಇನ್ಸುಲಿನ್ ಶುರುವಾದವರ ಜೊತೆ ನರ್ಸ್ ಕಳೆಯುವ ಹೊತ್ತು ಉಳಿದೆಲ್ಲ ಪಾಠಕ್ಕಿಂತ ಹೆಚ್ಚು ಬೆಲೆಯದ್ದು, ಯಾಕೆಂದರೆ ಇಲ್ಲಿ ತಪ್ಪಿದರೆ ಆಗುವ ಹಾನಿ ಸಣ್ಣದಲ್ಲ.

ಮೊದಲು ಸಿರಿಂಜಿನ ಲೆಕ್ಕ. ನಮ್ಮಲ್ಲಿ ಸೀಸೆಯಲ್ಲಿ ಸಿಗುವ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್ ಬಲದ್ದು. ಇನ್ಸುಲಿನ್ ಪೆನ್ನಿನ (ಪೆನ್ನಿನಾಕಾರದ ಚುಚ್ಚುವ ಸಾಧನದ) ಕಾರ್ಟ್ರಿಜ್ ಹೆಚ್ಚಾಗಿ 100 ಯೂನಿಟ್‌ನದ್ದು, ಕೆಲವು ಸೀಸೆಗಳೂ 100ರವೇ. ಸಿರಿಂಜುಗಳೂ ಎರಡು ಬಗೆ: ಕೆಂಪು ಮುಚ್ಚಳದ್ದು 40ರ ಇನ್ಸುಲಿನ್‌ಗೆ, ಕಿತ್ತಳೆ ಮುಚ್ಚಳದ್ದು 100ರದ್ದಕ್ಕೆ. ಮೆಡಿಕಲ್ ಶಾಪಿನಲ್ಲಿ ‘ಇನ್ಸುಲಿನ್ ಸಿರಿಂಜ್ ಕೊಡ್ರಿ’ ಎಂದಷ್ಟೇ ಕೇಳಿದರೆ ಯಾವುದು ಬೇಕಾದರೂ ಕೈಗೆ ಬರಬಹುದು. 20 ಯೂನಿಟ್ ಹಾಕಿಕೊಳ್ಳಬೇಕಾದವರು 40ರ ಸೀಸೆಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬಂದದ್ದು ಬರೀ 8 ಯೂನಿಟ್. ಸಕ್ಕರೆ ಇಳಿಯುವುದಿಲ್ಲ, ವೈದ್ಯರು ಔಷಧ ಸಾಲದೆಂದು ಪ್ರಮಾಣ ಏರಿಸುತ್ತಾರೆ. ಉಲ್ಟಾ ಆದರೆ ಇನ್ನೂ ಕೆಟ್ಟದ್ದು: 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಅದಕ್ಕೇ ಸಿಸ್ಟರ್ ‘ಸೀಸೆ ಮ್ಯಾಲೆ 40 ಅಂತಿದ್ರೆ ಸಿರಿಂಜ್ ಮ್ಯಾಲೂ 40 ಇರ್ಬೇಕು’ ಎಂದು ನೂರು ಸಲ ಹೇಳುವುದು. ಬಳಸಿದ ಸಿರಿಂಜಿನ ಮುಚ್ಚಳವನ್ನೇ ಮಾದರಿಗೆ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ ಎನ್ನುವ ಉಪಾಯವೂ ಚೆನ್ನ.

ಮುಂದಿನದು ಕೈಕೆಲಸ. ಎರಡು ಬಗೆಯ ಇನ್ಸುಲಿನ್ ಬೆರೆಸಿದ, ಮಂಜುಮಂಜಾಗಿ ಕಾಣುವ 30/70 ಇನ್ಸುಲಿನ್ ಸೀಸೆಯನ್ನು ಅಲುಗಾಡಿಸಬಾರದು, ಎರಡು ಅಂಗೈ ನಡುವೆ ಹತ್ತು ಸಲ ಮೆಲ್ಲಗೆ ಉರುಳಿಸಬೇಕು. ಹೊಟ್ಟೆಯಲ್ಲಿ ಹೊಕ್ಕುಳಿನಿಂದ ಎರಡು ಬೆರಳು ದೂರ ಬಿಟ್ಟು, ಇಲ್ಲವೇ ತೊಡೆಯ ಹೊರಭಾಗದಲ್ಲಿ ಚುಚ್ಚಬೇಕು, ದಿನಾ ಜಾಗ ಬದಲಿಸಬೇಕು. ಒಂದೇ ಕಡೆ ಚುಚ್ಚಿದರೆ ಅಲ್ಲಿ ಗಡ್ಡೆಯಂತೆ ಕೊಬ್ಬು ಕಟ್ಟುತ್ತದೆ, ನೋವು ಕಮ್ಮಿ ಎಂದು ಜನ ಅಲ್ಲೇ ಚುಚ್ಚುತ್ತಾರೆ, ಔಷಧ ಸರಿಯಾಗಿ ಮೈಗೆ ಹತ್ತುವುದಿಲ್ಲ. ಮೊದಲ ದಿನ ಸಿಸ್ಟರ್ ಚುಚ್ಚಿ ತೋರಿಸುತ್ತಾರೆ. ಎರಡನೇ ದಿನ ರೋಗಿ ಇನ್ಸುಲಿನ್ ಎಳೆಯುತ್ತಾರೆ, ಸಿಸ್ಟರ್ ಗೆರೆ ನೋಡಿ ಚುಚ್ಚುತ್ತಾರೆ. ಮೂರನೇ ದಿನ ಎಲ್ಲ ರೋಗಿಯದ್ದೇ, ಸಿಸ್ಟರ್ ಕೈ ಕಟ್ಟಿ ನಿಲ್ಲುತ್ತಾರೆ. ಈ ಕೈ ಕಟ್ಟಿ ನಿಲ್ಲುವುದೇ ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ತಾವೇ ಮಾಡಿದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಮತ್ತೆ ಹಿಂದೆ ಇಪ್ಪತ್ತು ಮಂಚ ಕಾಯುತ್ತಿರುತ್ತವೆ.

ಗೆರೆಗಳು ಕಾಣುತ್ತವೆಯಾ ಎಂದು ಕೇಳಿದರೆ ಎಲ್ಲರೂ ‘ಕಾಣ್ತಾವು’ ಎನ್ನುತ್ತಾರೆ. ‘18ಕ್ಕೆ ಎಳೀರಿ’ ಎಂದು ಹೇಳಿ ನೋಡಿದರಷ್ಟೇ ನಿಜ ಗೊತ್ತಾಗುವುದು. ಸಕ್ಕರೆ ಕಾಯಿಲೆಯವರಿಗೆ ಕಣ್ಣಿನ ಪೊರೆ, ರೆಟಿನಾದ ತೊಂದರೆ ಸಾಮಾನ್ಯ. ಕಾಣದವರಿಗೆ ಕ್ಲಿಕ್ ಸದ್ದು ಮಾಡುವ ಪೆನ್ ಸರಿಹೋಗಬಹುದು, ಅದನ್ನು ವೈದ್ಯರಿಗೆ ಸೂಚಿಸುವವರೂ ನರ್ಸೇ.

ಆಮೇಲೆ ಚಿತ್ರದುರ್ಗ, ಚಳ್ಳಕೆರೆಯ ಬೇಸಿಗೆ. ತೆರೆಯದ ಸೀಸೆ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರಿನಲ್ಲಿ ಖಂಡಿತ ಇಡಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ತೆರೆದ ಸೀಸೆ ತಂಪಾದ ಕೋಣೆಯಲ್ಲಿ ಸುಮಾರು ನಾಲ್ಕು ವಾರ ಬಾಳುತ್ತದೆ, ಆದರೆ ಏಪ್ರಿಲಿನಲ್ಲಿ ತಗಡಿನ ಮನೆಯೊಳಗೆ ‘ತಂಪಾದ ಕೋಣೆ’ ಎಲ್ಲಿದೆ? ಫ್ರಿಜ್ ಇಲ್ಲದವರಿಗೆ ಸಿಸ್ಟರುಗಳು ಮಡಿಕೆಯ ದಾರಿ ಹೇಳಿಕೊಡುತ್ತಾರೆ. ದೊಡ್ಡ ಮಡಿಕೆಯಲ್ಲಿ ಒದ್ದೆ ಮರಳು, ಅದರೊಳಗೆ ಸಣ್ಣ ಮಡಿಕೆ, ಅದರೊಳಗೆ ಮುಚ್ಚಳವಿರುವ ಡಬ್ಬಿಯಲ್ಲಿ ಸೀಸೆ, ಮೇಲೊಂದು ಒದ್ದೆ ಬಟ್ಟೆ. ಮರಳಿನ ನೀರು ಆರುತ್ತಾ ಒಳಗಿನ ಕಾವನ್ನು ಎಳೆದುಕೊಳ್ಳುತ್ತದೆ. ನಮ್ಮ ಒಣ ಹವೆಗೆ ಇದು ಚೆನ್ನಾಗಿ ಒಗ್ಗುತ್ತದೆ, ಕರಾವಳಿಯ ಜಿಗುಟು ಹವೆಯಲ್ಲಿ ಇಷ್ಟು ತಂಪಾಗದು. ಕರೆಂಟ್ ಹೋಗಿಬರುವ ಊರಲ್ಲಿ ಫ್ರಿಜ್ ಇದ್ದವರೂ ಒಂದು ಮಡಿಕೆ ಇಟ್ಟುಕೊಳ್ಳಬಹುದು.

ಇನ್ಸುಲಿನ್ ಕಲಿಸುವವರು ಸಕ್ಕರೆ ಕುಸಿತವನ್ನು ಹೇಳಿಕೊಡದೆ ಕಳಿಸಬಾರದು. ಕೈ ನಡುಕ, ತಣ್ಣನೆ ಬೆವರು, ವಿಪರೀತ ಹಸಿವು, ಕಾರಣವಿಲ್ಲದ ಸಿಟ್ಟು, ಕಣ್ಣು ಮಂಜು. ಆಗ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯುವುದು, ಹದಿನೈದು ನಿಮಿಷ ಕೂರುವುದು, ಕಮ್ಮಿಯಾಗದಿದ್ದರೆ ಇನ್ನೊಮ್ಮೆ, ಆಮೇಲೆ ಊಟ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನು. ಇದನ್ನು ರೋಗಿಗಿಂತ ಮನೆಯವರು ತಿಳಿದಿರಬೇಕು, ಸಕ್ಕರೆ ಕುಸಿದಾಗ ರೋಗಿಯ ಬುದ್ಧಿ ಸ್ಥಿಮಿತದಲ್ಲಿರುವುದಿಲ್ಲ.

ಇನ್ಹೇಲರಿನದ್ದು ಚಿಕ್ಕ ಪಾಠ. ಒಳಗಿನ ಪುಡಿಯನ್ನು ಬಾಯಿಂದ ಉಸಿರಿನ ಜೊತೆ ಎಳೆದುಕೊಳ್ಳಬೇಕಾದ ರೋಟಾಹೇಲರಿನ ಕ್ಯಾಪ್ಸೂಲನ್ನು ನೀರು ಕುಡಿದು ನುಂಗಿಬಿಡುವವರಿದ್ದಾರೆ, ಹಾಗಾಗಿ ಕೈಯಲ್ಲಿ ಹಿಡಿಸಿ ಎಳೆಸಿಯೇ ನೋಡಬೇಕು. ಸ್ಟಿರಾಯ್ಡ್ ಇರುವ ಇನ್ಹೇಲರ್ ಆದರೆ ಎಳೆದಾದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬೂಷ್ಟು ಕಟ್ಟಿದಂತೆ ಬಿಳಿ ಪದರ ಬರುತ್ತದೆ. ಎದೆನೋವು ಬಂದಾಗ ತೆಗೆದುಕೊಳ್ಳಲೆಂದು ಕೊಡುವ ಸಾರ್ಬಿಟ್ರೇಟ್ ನುಂಗುವ ಮಾತ್ರೆಯಲ್ಲ, ಕೂತುಕೊಂಡು ನಾಲಿಗೆ ಕೆಳಗಿಡುವಂಥದ್ದು. ಟಿ.ಬಿ. ಔಷಧ ಶುರು ಮಾಡಿದವರಿಗೆ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ ಎಂದು ಮೊದಲೇ ಹೇಳದಿದ್ದರೆ, ರಕ್ತ ಹೋಗುತ್ತಿದೆ ಎಂದು ಹೆದರಿ ಎರಡನೇ ದಿನವೇ ಬಿಟ್ಟುಬಿಡುತ್ತಾರೆ. ಅದು ರಿಫಾಂಪಿಸಿನ್ ಬಣ್ಣ, ಅಷ್ಟೇ. ಕೆಮ್ಮು ನಿಂತಿತು ಎಂದು ಎರಡು ತಿಂಗಳಿಗೆ ಬಿಡಬಾರದು, ಸಾಮಾನ್ಯ ಟಿ.ಬಿ.ಗೆ ಆರು ತಿಂಗಳು ದಿನಾ ತೆಗೆದುಕೊಳ್ಳಬೇಕು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳುತ್ತಾರೆ.

‘ಗೊತ್ತಾತಾ?’ ಎಂದು ಕೇಳಬಾರದು

ಆ ಪ್ರಶ್ನೆಗೆ ನಮ್ಮ ಜನ ಕೊಡುವ ಉತ್ತರ ಒಂದೇ: ‘ಗೊತ್ತಾತ್ರಿ.’ ಸಿಸ್ಟರಿಗೆ ಬೇಜಾರಾಗಬಾರದು, ತಾವು ದಡ್ಡರೆನಿಸಿಕೊಳ್ಳಬಾರದು ಎಂಬ ಸಂಕೋಚ. ಅದರ ಬದಲು ‘ಈಗ ಮನಿಗೆ ಹೋಗ್ತೀರಿ, ನಿಮ್ ಸೊಸಿ ಕೇಳ್ತಾಳ, ಈ ಗುಳಿಗಿ ಯಾತಕ್ಕ ಅಂತ. ಏನ್ ಹೇಳ್ತೀರಿ?’ ಎಂದು ಕೇಳಿದರೆ ರೋಗಿ ತನ್ನ ಮಾತಿನಲ್ಲಿ ಹೇಳುತ್ತಾರೆ. ತಪ್ಪಿದ್ದು ಅಲ್ಲೇ ಗೊತ್ತಾಗುತ್ತದೆ, ತಿದ್ದಿ ಇನ್ನೊಮ್ಮೆ ಹೇಳಿಸಬಹುದು. ರೋಗಿಯನ್ನು ಪರೀಕ್ಷೆಗೆ ಕೂರಿಸಿದಂತಾಗದೆ, ತಾನು ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ನರ್ಸ್ ತನ್ನನ್ನೇ ಪರೀಕ್ಷಿಸಿಕೊಂಡಂತಾಗುತ್ತದೆ.

ಹೀಗೆ ಮಾತಿಗೆ ಬಿಟ್ಟಾಗಲೇ ನಿಜವಾದ ಕಾರಣಗಳು ಹೊರಬರುವುದು. ‘ಬಿಪಿ ನಾರ್ಮಲ್ ಬಂತು, ಅದಕ್ಕ ಬಿಟ್ಟೆ.’ ‘ಗುಳಿಗಿ ಉಷ್ಣ ಆಗ್ತಾವ್ರಿ.’ ‘ದುಡ್ಡಿರಲಿಲ್ಲ, ಎರಡು ದಿನಕ್ಕೊಂದು ತಗೊಂಡೆ.’ ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯಲ್ಲಿ ಹೇಳಿದ್ದೇನೆಂದರೆ, ಶ್ರೀಮಂತ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆಗೆ ಹೇಳಿದಂತೆ ಔಷಧ ತೆಗೆದುಕೊಳ್ಳುವವರು ಸರಾಸರಿ ಅರ್ಧದಷ್ಟು ಮಂದಿ ಮಾತ್ರ. ಹಾಗಾಗಿ ಇದನ್ನು ಹಳ್ಳಿಯವರ ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ದುಡ್ಡಿನ ಕಾರಣವಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ಮಾತ್ರೆ ಉಚಿತವಾಗಿ ಸಿಗುತ್ತದೆ ಎಂಬ ಒಂದು ಮಾತು ಸಾಕಾಗಬಹುದು. ಉಷ್ಣದ ಮಾತಿಗೆ ನಗುವ ಬದಲು ಹೊಟ್ಟೆ ಉರಿಯಾ, ಬಾಯಿ ಹುಣ್ಣಾ, ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗುತ್ತಿದ್ದಾರಾ ಎಂದು ಕೇಳಿದರೆ ಅದರ ಹಿಂದೆ ಒಂದು ನಿಜವಾದ ತೊಂದರೆ ಸಿಗುತ್ತದೆ. ಮಜ್ಜಿಗೆ ಕುಡಿಯಲಿ, ಅಡ್ಡಿಯಿಲ್ಲ. ಆದರೆ ಸಿಪ್ರೊಫ್ಲಾಕ್ಸಾಸಿನ್‌ನಂಥ ಕೆಲವು ಆಂಟಿಬಯೋಟಿಕ್ಕುಗಳ ಜೊತೆಗೇ ಹಾಲು, ಮಜ್ಜಿಗೆ ಬೇಡ; ಕಬ್ಬಿಣಾಂಶದ ಮಾತ್ರೆಯ ಜೊತೆ ಚಹಾ ಬೇಡ.

ಉಪವಾಸದ ದಿನಗಳನ್ನು ಕೇಳಿಕೊಳ್ಳುವುದೂ ಮುಖ್ಯ. ಶಿವರಾತ್ರಿ, ಏಕಾದಶಿ, ರಂಜಾನ್ ತಿಂಗಳು. ಉಣ್ಣದೆ ಸಕ್ಕರೆ ಮಾತ್ರೆ ನುಂಗಿದರೂ ತೊಂದರೆ, ಉಪವಾಸವೆಂದು ಬಿಪಿ ಮಾತ್ರೆ ಬಿಟ್ಟರೂ ತೊಂದರೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಇದರ ಉಲ್ಟಾ, ಹೊತ್ತಲ್ಲದ ಹೊತ್ತಿನಲ್ಲಿ ಭಾರಿ ಊಟ. ಉಪವಾಸ ಮಾಡಬೇಡಿ ಎಂದರೆ ಕೇಳುವವರು ಕಮ್ಮಿ. ‘ಮಾಡೋದಾದ್ರ ವಾರ ಮೊದಲೇ ಬಂದು ಡಾಕ್ಟರಿಗೆ ಹೇಳ್ರಿ, ಡೋಸ್ ಬದಲಿ ಮಾಡಿ ಕೊಡ್ತಾರ’ ಎಂದರೆ ಕೇಳುತ್ತಾರೆ. ಒಂದು ಹೊತ್ತಿನ ಮಾತ್ರೆ ಮರೆತರೆ? ಬೇಗ ನೆನಪಾದರೆ ತೆಗೆದುಕೊಳ್ಳುವುದು, ಮುಂದಿನ ಹೊತ್ತು ಹತ್ತಿರವಿದ್ದರೆ ಬಿಡುವುದು, ಎರಡನ್ನು ಒಟ್ಟಿಗೆ ನುಂಗಬಾರದು. ಹೆಚ್ಚಿನ ಔಷಧಗಳಿಗೆ ಇದು ಸಾಕು. ರಕ್ತ ತೆಳುವಾಗಿಸುವ ವಾರ್ಫರಿನ್, ಫಿಟ್ಸಿನ ಮಾತ್ರೆ, ಇನ್ಸುಲಿನ್ ಇಂಥವಕ್ಕೆ ಬೇರೆ ಸೂಚನೆ ಬೇಕು, ಚೀಟಿಯ ಮೇಲೇ ಬರೆಸಿಕೊಳ್ಳಬೇಕು.

ನರ್ಸಿನ ಕೆಲಸಕ್ಕೆ ಗಡಿಯೂ ಇದೆ. ಪ್ರಮಾಣ ಬದಲಿಸುವುದು, ಮಾತ್ರೆ ನಿಲ್ಲಿಸುವುದು ವೈದ್ಯರದ್ದು. ಸಿಸ್ಟರ್ ‘ಕೇಳಿ ಹೇಳ್ತೀನಿ’ ಎಂದರೆ ಅದು ನುಣುಚಿಕೊಳ್ಳುವ ಮಾತಲ್ಲ. ಇನ್ನು ಹೊತ್ತಿನ ಪ್ರಶ್ನೆ. ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಉಳಿದ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು ಇರಬೇಕು. ರಾತ್ರಿ ಪಾಳಿಯಲ್ಲಿ ವಾರ್ಡಿಗೆ ಕಾಲಿಟ್ಟವರಿಗೆ ಈ ಲೆಕ್ಕ ಎಲ್ಲೂ ಕಾಣಸಿಗದು. ಪಾಠ ಹೇಳಲು ಸಿಸ್ಟರಿಗೆ ಪುರುಸೊತ್ತು ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ, ರೌಂಡ್ಸ್ ಮುಗಿದು ಊಟದ ಗದ್ದಲ ಕಳೆದ ಮೇಲೆ. ರೋಗಿಯ ಕಡೆಯವರು ಏನಾದರೂ ಕೇಳುವುದಿದ್ದರೆ ಆ ಹೊತ್ತೇ ಸರಿ, ಅದೂ ಡಿಸ್ಚಾರ್ಜಿನ ಹಿಂದಿನ ದಿನ.

ಮನೆಗೆ ಹೋದ ಮೇಲೆ ಹಳೆಯ ಡಬ್ಬಿಯಲ್ಲಿ ಉಳಿದ, ಈಗ ನಿಲ್ಲಿಸಿದ ಮಾತ್ರೆಗಳನ್ನು ಬೇರೆ ತೆಗೆದಿಡಿ. ಮರುಭೇಟಿಗೆ ಬರುವಾಗ ಚೀಟಿಯ ಜೊತೆ ಅವನ್ನೂ, ಈಗ ನುಂಗುತ್ತಿರುವ ಸ್ಟ್ರಿಪ್ಪುಗಳನ್ನೂ ಹಾಗೇ ತನ್ನಿ. ಎಷ್ಟು ಉಳಿದಿವೆ ಎಂದು ಎಣಿಸಿದರೆ ಎಲ್ಲಿ ತಪ್ಪಿದೆ ಎಂಬುದು ಸಿಸ್ಟರಿಗೆ ತಿಳಿಯುತ್ತದೆ. ಬಳಸಿದ ಸೂಜಿಗಳನ್ನು ಕಸಕ್ಕೆ ಹಾಕಬೇಡಿ, ಪೌರಕಾರ್ಮಿಕರ ಕೈಗೆ ಚುಚ್ಚುತ್ತವೆ. ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು, ತುಂಬಿದಾಗ ಆಸ್ಪತ್ರೆಗೇ ತಂದುಕೊಡಿ.